ಅಣ್ಣಪ್ಪನ ಹೆಬ್ಬೆರಳಿನ ಗಾಳ

ಗುರುದತ್ತ ಡಾಕ್ಟರೇ,

2011ರ ಮಳೆಗಾಲದಲ್ಲಿ ಊರಿನ ನಾವು ಕೆಲವರು ಸಹಿ ಹಾಕಿ ಅರ್ಜಿ ಕೊಟ್ಟು, ನೀವು ದವಾಖಾನೆಯಲ್ಲಿ ಕುರು ಕೊಯ್ಯುವುದನ್ನು, ಹೊಲಿಗೆ ಹಾಕುವುದನ್ನು ನಿಲ್ಲಿಸಿದೆವು. ಅದು ದೊಡ್ಡ ಆಸ್ಪತ್ರೆಯ ಕೆಲಸವೆಂದು ಬರೆದವನು ನಾನೇ. ಆಮೇಲೆ ನಮ್ಮೂರು ತೆಂಗಿನಗುಂಡಿಯವರು ಸಣ್ಣ ಗಾಯಕ್ಕೂ ಉಡುಪಿಗೆ ಅಲೆದರು.

ಇವತ್ತು ಮೀನುಗಾರ ಅಣ್ಣಪ್ಪನ ಹೆಬ್ಬೆರಳಿಗೆ ಗಾಳ ಚುಚ್ಚಿತ್ತು. ಹಿಂದಕ್ಕೆಳೆದರೆ ಮಾಂಸ ಹರಿಯುತ್ತದೆಂದು, ನೀವು ತೀರಿಕೊಂಡ ಮೇಲೆ ಬಂದ ಡಾಕ್ಟರ್ ದಿವ್ಯಶ್ರೀ ಅದೇ ದವಾಖಾನೆಯಲ್ಲಿ ಬೆರಳು ಮರಗಟ್ಟಿಸಿ, ಗಾಳವನ್ನು ಮುಂದಕ್ಕೆ ತಳ್ಳಿ, ಅದರ ಮುಳ್ಳು ಕತ್ತರಿಸಿ ಹೊರತೆಗೆದರು.

"ಆತು, ಏಳಿ."

"ಇಷ್ಟೇಯಾ? ಹಂಗಾದ್ರೆ ನಾ ಎಂತಕ್ಕೆ ಕೂಗಿದ್ದು?" ಎಂದ ಅಣ್ಣಪ್ಪ. ಮಧ್ಯಾಹ್ನವೇ ದೋಣಿಗೆ ಹೋದ. ನನಗೂ ಖುಷಿಯಾಯಿತು.

ನೀವೂ ಹೀಗೇ ತೆಗೆಯುತ್ತಿದ್ದಿರಿ. ಸಹಿ ಹಾಕಿದವರಲ್ಲಿ ಎಂಟು ಮಂದಿ ಇನ್ನೂ ಇದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ನಾವು ಎದ್ದು ನಿಂತು ಊರಿಗೆ ಈ ಪ್ರಶ್ನೆಯ ಉತ್ತರ ಹೇಳಬೇಕು: ನಿಮ್ಮ ಕೈಯಿಂದ ಯಾರಿಗೆ ಏನು ಕೆಟ್ಟದಾಗಿತ್ತು?