ಖಾಲಿ ಸೀಟುಗಳಿಗೆ ಸ್ವಾಗತ

ವಿಮಾನ ನಿಲ್ದಾಣದ ಹಿಂದಿನ ಬೀದಿ,
ಮಾರ್ಚ್ ಎಂಟು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಡಗಿನ ಡಾಕ್ಟರಾದ ನಿನಗೇ ಅಲೆ ಕಂಡರೆ ವಾಂತಿ ಎಂದು ಹೋದ ಸಲ ನೀನು ಬರೆದಿದ್ದೆ. ಈಗಲಾದರೂ ಹೊಟ್ಟೆ ನಿನ್ನ ಮಾತು ಕೇಳುತ್ತಿದೆಯೇ? ಬೆನ್ನುನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ. ನಿನ್ನ ಯಜಮಾನರು ನಮ್ಮ ಮನೆಯಲ್ಲೇ ಇದ್ದಾರೆ, ಕಿಟಕಿಯ ಹತ್ತಿರ ಕೂತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾರೆ. ಭಾವನ ಮೈಗೆ ಏನೂ ಆಗಿಲ್ಲ. ಮೊದಲು ಇಷ್ಟನ್ನು ಓದಿ ಉಸಿರು ಬಿಡು, ಆಮೇಲೆ ಮುಂದಕ್ಕೆ ಹೋಗು.

ನಮ್ಮ ವಿಮಾನ ಕಂಪನಿ ಕೈ ಬದಲಾಯಿತು ಎಂದು ತಿಳಿಸಿದ್ದೆನಲ್ಲ, ಅದಾದ ಮೇಲೆ ಇನ್ನೊಮ್ಮೆ ಬದಲಾಯಿತು. ಹಳೆಯ ಮಾಲೀಕರು ನಮ್ಮ ಜೊತೆ ಚಹಾ ಕುಡಿಯುತ್ತ ಯಾರ ಮಗುವಿಗೆ ಜ್ವರ, ಯಾರ ಹೆಂಡತಿಗೆ ಮುನಿಸು ಎಂದೆಲ್ಲ ವಿಚಾರಿಸುತ್ತಿದ್ದರು. ಹೊಸಬರ ಮುಖವನ್ನು ನಾವ್ಯಾರೂ ನೋಡಿಯೇ ಇಲ್ಲ. ಪೈಲಟ್‌ಗಳ ಕೋಣೆಯ ಮೇಜಿನ ಮೇಲೆ ಒಂದು ಸ್ಪೀಕರ್ ಇಟ್ಟಿದ್ದಾರೆ. ಬೆಳಿಗ್ಗೆ ಅದರಿಂದ ದನಿ ಬರುತ್ತದೆ, ಒಂದು ವಾರ ಗಂಡಸಿನದು, ಮುಂದಿನ ವಾರ ಹೆಂಗಸಿನದು. ಯಾವ ದನಿಯಾದರೂ ಹೇಳುವುದು ಒಂದೇ, ಹೆದರಬೇಡಿ, ಯಾರನ್ನೂ ತೆಗೆಯುವುದಿಲ್ಲ ಎಂದು. ಮರುದಿನ ಕೋಣೆಯಲ್ಲಿ ಒಂದು ಕುರ್ಚಿ ಕಡಿಮೆಯಾಗಿರುತ್ತದೆ. ನಿನ್ನ ಮದುವೆಯಲ್ಲಿ ಊಟ ಆರಿಹೋಗುವ ತನಕ ಮಾತು ನಿಲ್ಲಿಸದ ಆ ಪೈಲಟ್ ನೆನಪಿದ್ದಾರಾ, ನೀನೇ ‘ರೇಡಿಯೊ’ ಎಂದು ಹೆಸರಿಟ್ಟವರು? ಈಗ ಹೇಗಿದ್ದೀರಿ ಎಂದು ಕೇಳಿದರೂ ಸ್ಪೀಕರಿನ ಕಡೆ ಕಣ್ಣಿಟ್ಟು ತಲೆಯಷ್ಟೇ ಆಡಿಸುತ್ತಾರೆ. ಅದು ಆಫ್ ಆಗಿದೆಯೋ ಇಲ್ಲವೋ ಯಾರಿಗೂ ತಿಳಿಯದು.

ಚಳಿಗಾಲದಲ್ಲಿ ಪ್ರಯಾಣಿಕರು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋದರು. ವಿಮಾನ ಮಾತ್ರ ನಿಲ್ಲಲಿಲ್ಲ. ದಿನವೂ ದ್ವೀಪಕ್ಕೆ ಖಾಲಿಯಾಗಿ ಹೋಗಿ ಖಾಲಿಯಾಗಿ ಬರಬೇಕು. ನಿಲ್ಲಿಸಿದರೆ ಆ ದಾರಿಯ ಹಕ್ಕು ಇನ್ನೊಂದು ಕಂಪನಿಯ ಪಾಲಾಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ. ಆದರೂ ಪ್ರಯಾಣಿಕರಿಗೆ ಹೇಳಬೇಕಾದ್ದನ್ನು ಒಂದಕ್ಷರ ಬಿಡದೆ ಹೇಳಬೇಕೆಂದು ಸ್ಪೀಕರಿನಿಂದ ಅಪ್ಪಣೆಯಾಯಿತು, ಎಲ್ಲ ರೆಕಾರ್ಡ್ ಆಗುತ್ತದಂತೆ. ಹಾಗಾಗಿ ಭಾವ ದಿನಾ ಖಾಲಿ ಸೀಟುಗಳಿಗೆ ಸ್ವಾಗತ ಹೇಳಿ, ಬೆಲ್ಟು ಕಟ್ಟಿಕೊಳ್ಳಿ ಎನ್ನುತ್ತಿದ್ದರು. ಮೊದಮೊದಲು ಅವರೂ ಪಕ್ಕದ ಕೋ-ಪೈಲಟ್ ಸೀಟಿನಲ್ಲಿ ನಾನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆಮೇಲೆ ನಾನೊಬ್ಬಳೇ ನಗತೊಡಗಿದೆ. ಇಳಿದ ಮೇಲೆ ಭಾವ ಬಾಗಿಲ ಬಳಿ ನಿಂತು, ಒಬ್ಬೊಬ್ಬರನ್ನೇ ಬೀಳ್ಕೊಡುವವರಂತೆ ತಲೆಬಾಗಿಸಲು ಶುರುಮಾಡಿದರು. ಒಮ್ಮೆ ನಾನು ದಾಟಿ ಹೋಗಲು ನೋಡಿದರೆ ಕೈ ಅಡ್ಡ ಹಿಡಿದು, ಇನ್ನೂ ಇಳಿಯುತ್ತಿದ್ದಾರೆ, ತಾಳು ಎಂದರು. ರಜೆ ಹಾಕಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ವಾಪಸು ಬರುವಷ್ಟರಲ್ಲಿ ತಮ್ಮ ಕುರ್ಚಿಯೂ ಇರುವುದಿಲ್ಲ ಎಂಬ ಭಯ ಅವರಿಗೆ.

ಮೊನ್ನೆ ಗುರುವಾರ ಮಧ್ಯಾಹ್ನ ವಾಪಸು ಬರುವಾಗ ಮಂಜು ಕವಿದಿತ್ತು. ಆದರೂ ರನ್‌ವೇ ಕಾಣಿಸಿತು, ಟವರಿನವರು ಇಳಿಯಿರಿ ಎಂದದ್ದೂ ಆಯಿತು. ಇನ್ನೇನು ಚಕ್ರ ನೆಲ ಮುಟ್ಟಬೇಕು, ಭಾವ ವಿಮಾನವನ್ನು ಮತ್ತೆ ಮೇಲಕ್ಕೆತ್ತಿಬಿಟ್ಟರು. ಯಾಕೆಂದು ಕೇಳಿದೆ.

“ಅವರಿನ್ನೂ ಕೂತಿಲ್ಲ,” ಎಂದರು.

ಒಂದು ಸುತ್ತು ಹಾಕಿ ಬಂದೆವು, ಮತ್ತೆ ಅದೇ ಆಯಿತು. ಹೊಸಬರು ಇಂಧನವನ್ನೂ ಕೈ ಬಿಗಿಹಿಡಿದು ಹಾಕಿಸುತ್ತಾರೆ. ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಉಳಿದಿರಲಿಲ್ಲ, ಮಂಜು ದಟ್ಟವಾಗುತ್ತಲೇ ಇತ್ತು. ಭಾವನ ದನಿಯಲ್ಲಿ ಗಾಬರಿಯಿರಲಿಲ್ಲ, ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ತುಂಬಿದ ವಿಮಾನದ ಜವಾಬ್ದಾರಿ ಹೊತ್ತ ಒಳ್ಳೆಯ ಕ್ಯಾಪ್ಟನ್ ಹೇಗಿರಬೇಕೋ ಹಾಗೇ ಇದ್ದರು. ನನಗೆ ಹೆದರಿಕೆಯಾದದ್ದು ಅದನ್ನು ನೋಡಿಯೇ. ಕೆಲಸದಲ್ಲಿ ನಾನು ಅವರನ್ನು ಸರ್ ಎಂದಷ್ಟೇ ಕರೆಯುವುದು ನಿನಗೆ ಗೊತ್ತು. ಅಂದು ಬೆನ್ನ ಹಿಂದಿನ ಪರದೆ ಸರಿಸಿ ನೋಡಿ, “ಎಲ್ಲರೂ ಕೂತಿದ್ದಾರೆ ಭಾವ, ಇನ್ನು ನನಗೆ ಬಿಡಿ,” ಎಂದೆ. ಅವರು ಆ ಕ್ಷಣವೇ ಕೈ ತೆಗೆದರು, ನಿದ್ದೆ ಬಂದ ಮಗು ಆಟಿಕೆ ಬಿಟ್ಟುಕೊಡುವ ಹಾಗೆ. ನಾನೇ ಇಳಿಸಿದೆ.

ಕೋಣೆಗೆ ಬಂದಾಗ ಎಲ್ಲರೂ ಎದ್ದು ನಿಂತಿದ್ದರು. ಸ್ಪೀಕರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅದು, ಪ್ರಯಾಣಿಕರಿಗೆ ತೊಂದರೆಯಾಯಿತೇ ಎಂದು ಕೇಳಿತು. ಆಗ ರೇಡಿಯೊ ಮುಂದೆ ಬಂದು ಅದರ ವೈರು ಕಿತ್ತರು. “ಮನುಷ್ಯರು ಯಾರಾದ್ರೂ ಬಂದು ಎದುರಿಗೆ ಕೂತು ಮಾತಾಡೋ ತನಕ ನಾವ್ಯಾರೂ ಹಾರಲ್ಲ,” ಎಂದರು. ಅಂದಿನಿಂದ ವಿಮಾನಗಳು ನೆಲದ ಮೇಲಿವೆ. ಡಾಕ್ಟರು ಭಾವನನ್ನು ಪರೀಕ್ಷಿಸಿ, ಮನಸ್ಸು ಸೋತಿದೆ, ತಿಂಗಳುಗಟ್ಟಲೆ ವಿಶ್ರಾಂತಿ ಬೇಕು ಎಂದಿದ್ದಾರೆ. ಊಟ, ನಿದ್ದೆ ಸರಿಯಾಗಿದೆ. ನಿನ್ನ ಸುದ್ದಿ ಬಂದರೆ ಮುಖ ಅರಳುತ್ತದೆ.

ನಿನ್ನ ಹಡಗಿಗೆ ಶಾಂತ ಸಮುದ್ರ ಸಿಗಲಿ. ಭಾವ ತಮ್ಮ ಪ್ರೀತಿ ತಿಳಿಸಲು ಹೇಳಿ, ಸೂಜಿ ಚುಚ್ಚಿಕೊಂಡು ನನ್ನನ್ನೇ ಬೈಯುತ್ತಿದ್ದಾರೆ.

ನಿನ್ನ ಜಗಳಗಂಟಿ ತಂಗಿ

ಮರೆತಿದ್ದೆ: ನಿನ್ನೆ ಕಂಪನಿಯಿಂದ ಒಬ್ಬರು ನಿಜವಾಗಿಯೂ ಬಂದಿದ್ದರು. ಭಾವನ ಜಾಗದಲ್ಲಿ ನನ್ನನ್ನೇ ಕ್ಯಾಪ್ಟನ್ ಮಾಡುತ್ತಾರಂತೆ. ಆಗುವುದಿಲ್ಲ ಎಂದೆ, ಕಾರಣ ಹೇಳಲಿಲ್ಲ. ಡಾಕ್ಟರು ಭಾವನನ್ನಷ್ಟೇ ಪರೀಕ್ಷಿಸಿದರು, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಕೂತಿದ್ದಾರೆ ಎಂದೆನಲ್ಲ ಅಕ್ಕಾ, ಅದು ಭಾವನ ಸಮಾಧಾನಕ್ಕೆ ಹೇಳಿದ್ದಲ್ಲ. ನಾನು ಪರದೆ ಸರಿಸಿದಾಗ ಕೊನೆಯ ಸಾಲಿನಲ್ಲಿ ಒಬ್ಬರು ಇನ್ನೂ ನಿಂತಿದ್ದರು. ಅವರು ಕೂರುವವರೆಗೂ ಕಾದು ಆಮೇಲೆ ಹೇಳಿದೆ. ಬೇಗ ಬಾ.