ತಟ್ಟಿಯೇ ಒಳಗೆ ಬರಬೇಕು

ಮಾರ್ಚ್ 3, ಬೆಳಿಗ್ಗೆ
ಬೀಗ ಹಾಕಿದೆ. ಗೇಟಿನವರೆಗೆ ಹೋದೆ. ವಾಪಸ್ ಬಂದು ಬೀಗ ಜಗ್ಗಿ ನೋಡಿದೆ. ಮತ್ತೆ ಹೋದೆ, ಮತ್ತೆ ಬಂದೆ. ಒಳಗಿರುವುದು ಒಂದು ಚಾಪೆ, ಒಂದು ಬಕೆಟ್. ಕಳ್ಳ ಬಂದರೆ ಪಾಪ, ಅವನೇ ಏನಾದರೂ ಇಟ್ಟು ಹೋಗಬೇಕು. ಆದರೂ ಬೀಗ ಜಗ್ಗುವ ಸುಖವೇ ಬೇರೆ.

ಬಸ್ ಸ್ಟ್ಯಾಂಡ್ ಗೋಡೆ ಪಕ್ಕ ಮಲಗುತ್ತಿದ್ದಾಗ ನನ್ನನ್ನು ಕೋಲಿನಿಂದ ತಿವಿದು ಎಬ್ಬಿಸಿದವರುಂಟು, ಒದ್ದು ಎಬ್ಬಿಸಿದವರುಂಟು. ತಟ್ಟಿ ಕರೆದವರಿಲ್ಲ. ತಟ್ಟಲು ಬಾಗಿಲೆಲ್ಲಿತ್ತು? ಕಾರ್ಪೊರೇಷನ್‌ನವರು ಬಂದು "ಇನ್ಮೇಲೆ ಯಾರೂ ಬೀದೀಲಿ ಮಲಗೋ ಹಾಗಿಲ್ಲ" ಅಂದಾಗ, ಓಡಿಸಲು ಬಂದರು ಅಂತ ಗಂಟುಮೂಟೆ ಕಟ್ಟಿದ್ದೆ. ನೋಡಿದರೆ ಮನೆಯನ್ನೇ ಕೊಟ್ಟರು!

ಮಾರ್ಚ್ 5
ಕೊಡೆಯವರು ಕೇಳಿಯೇಬಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ನನ್ನದು ಜಿಪ್ ರಿಪೇರಿ, ಪಕ್ಕದಲ್ಲಿ ಅವರದು ಕೊಡೆ ರಿಪೇರಿ. ಅವರಿಗೂ ನಮ್ಮ ಕಟ್ಟಡದಲ್ಲೇ ಮನೆ; ನನ್ನದು ಕೆಳಗೆ ನೆಲದಲ್ಲೇ, ಅವರದು ಮೂರನೇ ಮಹಡಿ. ಕೊಡೆ ಕಡ್ಡಿ ನೆಟ್ಟಗೆ ಮಾಡುತ್ತಾ, ಮುಖ ನೋಡದೆ—
"ಜಿಪ್ಪಮ್ಮಾ, ಮದುವೆ ಆಗೋಣ್ವಾ?"
"ಈ ವಯಸ್ಸಲ್ಲಾ? ತಲೆ ನೆಟ್ಟಗಿದೆಯಾ?"
"ಮೊದ್ಲೇ ಕೇಳಿದ್ರೆ ಯಾವ ಮನೆಗೆ ಕರ್ಕೊಂಡ್ಹೋಗ್ತಿದ್ದೆ?"
ನಗು ತಡೆಯಲಾಗಲಿಲ್ಲ. ಹೂಂ ಅಂದೆ. ಸಂಜೆತನಕ ಹಾಕಿದ ಜಿಪ್ಪೆಲ್ಲ ಉಲ್ಟಾ.

ಮಾರ್ಚ್ 6
ಮನೆ ಆಫೀಸಿನ ಮೇಡಂಗೆ ಹೇಳಿದೆವು. ಖುಷಿಪಟ್ಟರು. ಆಮೇಲೆ— "ಮದುವೆ ಆದ್ರೆ ಒಂದೇ ಸಂಸಾರ ಅಲ್ವೇನಮ್ಮಾ? ಒಂದು ಮನೆ ವಾಪಸ್ ಕೊಡ್ಬೇಕಾಗುತ್ತೆ. ಇನ್ನೂ ಎಷ್ಟೋ ಜನ ಕಾಯ್ತಿದ್ದಾರೆ."
"ಇವ್ರದ್ದು ಕೊಡ್ತಾರೆ" ಅಂದೆ.
"ನಿಮ್ದು ಯಾಕಾಗ್ಬಾರ್ದು? ನನ್ ಮನೇಲಿ ಎಂಥಾ ಗಾಳಿ, ಎಂಥಾ ಬೆಳಕು..."
"ಗಾಳಿ ಕುಡ್ಕೊಂಡಿರಿ." ಎದ್ದು ಬಂದೆ.
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ನಮಗೆ ಎರಡೂ ಒಟ್ಟಿಗೇ ವಕ್ಕರಿಸಿದವು.

ಮಾರ್ಚ್ 14
ಮಾತು ಬಿಟ್ಟಿದ್ದೇವೆ. ಕೂರುವುದು ಮಾತ್ರ ಪಕ್ಕಪಕ್ಕದಲ್ಲೇ. ಅವರು ಗೋಡೆಯನ್ನು ಕೇಳುತ್ತಾರೆ— "ಯಾರ ಹತ್ರಾನಾದ್ರೂ ಕತ್ತರಿ ಇದ್ಯಾ?" ನಾನೂ ಗೋಡೆಗೇ ಕೊಡುತ್ತೇನೆ.

ಅವರು ಬೇಕು. ಬಾಗಿಲೂ ಬೇಕು. ಅಲ್ಲಿಗೆ ಹೋದರೆ ಅದು ಅವರ ಬಾಗಿಲು. ನಾಳೆ ಜಗಳವಾಗಿ ಹೊರಗೆ ಹಾಕಿದರೆ? ಹಿಂದೆ ಅಣ್ಣನ ಮನೆಯಿಂದ ನಾನು ಬೀದಿಗೆ ಬಿದ್ದದ್ದು ಹಾಗೇ ತಾನೇ. ಭಯವಾಗುತ್ತದೆ.

ಮಾರ್ಚ್ 15, ಮಧ್ಯಾಹ್ನ
ಬಲೂನಜ್ಜಿ ಬಂದಿದ್ದಳು. ಬಲೂನು ಮಾರುವವಳು. ಗೋಡೆ ಪಕ್ಕ ನನ್ನ ಬಲಕ್ಕೆ ಮಲಗುತ್ತಿದ್ದಳು, ಇನ್ನೂ ಅಲ್ಲೇ ಮಲಗುತ್ತಾಳೆ. ಮುಂದೆ ಖಾಲಿಯಾಗುವ ಮನೆ ಅವಳಿಗೇ ಅಂತೆ. "ಮದ್ವೆ ಯಾವಾಗೇ?" ಅಂತ ಮಾತ್ರ ಕೇಳಿದಳು. ಮನೆಯ ಮಾತೇ ಎತ್ತಲಿಲ್ಲ. ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ. ಅಮ್ಮಾ... ಅಂದಳು.

ಕೊಡೆಯವರ ಮನೆಗೆ ಮೂರು ಮಹಡಿ. ಲಿಫ್ಟ್ ಇಲ್ಲ.

ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕೆಳಗಿನ ಮನೆ ನನ್ನದೇ ಆಗಬೇಕಿತ್ತಾ!

ಮಾರ್ಚ್ 16
ಮೂರು ಮಹಡಿ ಹತ್ತಿ ಅವರ ಬಾಗಿಲು ತಟ್ಟಿದೆ. ಏದುಸಿರು ಬಿಡುತ್ತಲೇ ಹೇಳಿದೆ—
"ನನ್ ಮನೆ ಅಜ್ಜಿಗೆ. ನಾನು ಇಲ್ಲಿಗೆ. ಆದ್ರೆ ಈ ಬಾಗಿಲು ನಂದು. ಬೀಗದ ಕೈ ನಿಮ್ಮ ಹತ್ರ ಇದ್ರೂ ತಟ್ಟಿಯೇ ಬರ್ಬೇಕು."
"ನೀವು ಮಲಗ್ಬಿಟ್ಟಿದ್ರೆ?"
"ಕಾಯ್ಬೇಕು."
"ಇಷ್ಟು ವರ್ಷ ಕಾದಿಲ್ವಾ, ಜಿಪ್ಪಮ್ಮಾ?"
ಅಲ್ಲೇ ಹೊಸ್ತಿಲಲ್ಲಿ ಅತ್ತುಬಿಟ್ಟೆ. ಅವರು ಕುಡಿಯಲು ನೀರು ಕೊಟ್ಟರು. ಗಾಳಿ, ಬೆಳಕು ಚೆನ್ನಾಗೇ ಇದೆ. ಹೇಳಲಿಲ್ಲ.

ಏಪ್ರಿಲ್ 19, ಸಂಜೆ
ಮದುವೆ ಆಯಿತು. ರಿಜಿಸ್ಟ್ರಾರ್ ಆಫೀಸಿನಲ್ಲಿ ವಿಳಾಸ ಕೇಳಿದರು. ಇಬ್ಬರೂ ಒಟ್ಟಿಗೇ ಒಂದೇ ವಿಳಾಸ ಹೇಳಿದೆವು, ಅಲ್ಲಿದ್ದವರೆಲ್ಲ ನಕ್ಕರು. ಮನೆ ಪತ್ರದಲ್ಲೂ ಇಬ್ಬರ ಹೆಸರು ಹಾಕಿಸಿದ್ದಾರೆ ಮೇಡಂ. ಕೆಳಗೆ ಅಜ್ಜಿ ಬೀಗ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದಳು. ನನಗಿಂತ ಹುಚ್ಚಿ. ನಮ್ಮ ಬಾಗಿಲಿಗೆ ಬಲೂನು ಕಟ್ಟಿದವಳೂ ಅವಳೇ.

ಕೊಡೆಯವರು ಹಾಲು ತರಲು ಹೋಗಿದ್ದಾರೆ. ಬೇಕೆಂದೇ ಚಿಲಕ ಹಾಕಿ ಕೂತಿದ್ದೇನೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು...

ಟಕ್ ಟಕ್.

"ಯಾರದು?" ಅಂದೆ. ಗೊತ್ತಿದ್ದೂ.

"ಕೊಡೆ ರಿಪೇರಿಯವ್ನು. ಒಳಗೆ ಬರ್ಬಹುದಾ?"

ಇನ್ನೊಂದು ಸಲ ತಟ್ಟಲಿ. ಎಷ್ಟು ಚೆಂದದ ಸದ್ದು... ಹಾಂ, ತಟ್ಟಿದರು. ಬಂದೆ, ಬಂ—