ಸಮಾಧಿಯ ದಾರಿಗೆ ಬೇಲಿ

ಕೊಣನೂರು
೧೨-೧೦-೨೦೦೬, ಗುರುವಾರ

ಪ್ರೀತಿಯ ಗಂಗಕ್ಕನಿಗೆ, ನಿನ್ನ ತಮ್ಮ ಈಶ್ವರನ ಶರಣು.

ನಿನ್ನ ಮೊಣಕಾಲು ಹೇಗಿದೆ? ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸುವಾಗ ಮೆಟ್ಟಿಲು ಹತ್ತಲು ಒದ್ದಾಡಿದೆಯಂತೆ, ನಿನ್ನನ್ನು ಬಿಟ್ಟುಬಂದ ಶಶಿಕಿರಣ ಹೇಳಿದ. ನಾನು ಕೊಟ್ಟ ಎಣ್ಣೆಯನ್ನು ಬಿಸಿಮಾಡಿ ಹಚ್ಚಿಕೊಳ್ಳುತ್ತಿದ್ದೀಯೋ, ಸೀಸೆಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿಯುತ್ತಿದ್ದೀಯೋ? ಭಾವನವರ ಕೆಮ್ಮು ಕಡಿಮೆಯಾಯಿತೆ? ಹೋಟೆಲಿನ ಒಲೆಯ ಮುಂದೆ ಅವರು ಇನ್ನು ನಿಲ್ಲಬಾರದು. ಹಿರೀಸಾವೆಯಲ್ಲಿ ನಿಲ್ಲುವ ಬಸ್ಸಿನ ಜನಕ್ಕೆಲ್ಲ ಅವರೇ ದೋಸೆ ಹುಯ್ಯಬೇಕೆಂದು ಎಲ್ಲೂ ಬರೆದಿಲ್ಲ ಎಂದು ನಾನು ಹೇಳಿದೆನೆಂದು ಹೇಳು. ಇಲ್ಲಿ ನನ್ನ ಸಕ್ಕರೆ ಕಾಯಿಲೆ ಇದ್ದ ಹಾಗೆ ಇದೆ. ಎದೆಗೆ ಮೊದಲಿನ ಮಾತ್ರೆಯೇ.

ಇಷ್ಟು ಬರೆದದ್ದು ಪ್ರೀತಿಗೆ. ಮುಂದಿನದೆಲ್ಲ ಕೋಪಕ್ಕೆ ಅಕ್ಕಾ. ಫೋನ್ ಮಾಡೋಣವೆಂದರೆ ನೀನು ನನ್ನ ಬಾಯಿಗೆ ಅವಕಾಶವನ್ನೇ ಕೊಡುವುದಿಲ್ಲ, 'ಊ ಕಣ್ಲಾ, ಊ ಕಣ್ಲಾ, ಊಟ ಆಯ್ತಾ' ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಭಾವನವರ ಕೈಯಲ್ಲಿ ಓದಿಸಿಕೊಂಡು ಕೊನೆಯವರೆಗೂ ಕೇಳು.

ಕೈಹಿಡಿದವಳು ಮಂಗಳ ತೀರಿಕೊಂಡ ಮೇಲೆ ನಾನು ಹೇಗಿದ್ದೆ ಎಂಬುದನ್ನು ನೀನು ನೋಡಿದ್ದೀಯ. ಜಗುಲಿಯ ಮೇಲೆ ಕುಳಿತರೆ ಕುಳಿತೆ, ಮಲಗಿದರೆ ಮಲಗಿದೆ. ನೀರಾವರಿ ಇಲಾಖೆಯಲ್ಲಿ ಇದ್ದಷ್ಟು ಕಾಲ ಕಾಲುವೆ ಏರಿಯ ಮೇಲೆ ತಿರುಗಿದ ಮನುಷ್ಯ ಬೀದಿ ಬಾಗಿಲು ದಾಟುತ್ತಿರಲಿಲ್ಲ. ಡಾಕ್ಟರು ದಿನಾ ನಡೆಯಿರಿ ಎಂದರು. ಮಗ ಶಶಿಕಿರಣ ಕೆ.ಇ.ಬಿ. ಲೈನಿನ ಕೆಲಸವೆಂದು ಅರಕಲಗೂಡಿಗೆ ಹೋಗಿಬಿಡುತ್ತಾನೆ. ನನ್ನನ್ನು ಎಬ್ಬಿಸಿ, ಕೈಗೆ ಕೋಲು ಕೊಟ್ಟು, 'ಏಳಿ ಮಾವ, ಕಟ್ಟೇಪುರದ ಕಡೆ ಹೋಗಿಬರಾಣ' ಎಂದವಳು ನಿನಗೆ ಈಗ ಬೇಡವಾಗಿರುವ ಈ ಸೊಸೆ ಪ್ರೇಕ್ಷಾ. ನಾನು ಎಮ್ಮೆಯ ಹಾಗೆ ನಡೆಯುತ್ತಿದ್ದೆ. ಅವಳಿಗೆ ತಡೆಯಲಾಗುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ಕಾಲೇಜು ಓದುವಾಗ ಓಡಿ ಕಪ್ಪು ಗೆದ್ದವಳು, ಮದುವೆಯಾದ ಮೇಲೆ ಬಿಟ್ಟಿದ್ದಳು. ಮುಂದಿನ ಮೋರಿಯವರೆಗೆ ಓಡಿಹೋಗಿ ತಿರುಗಿ ಬಂದು, ನಾನು ಬದುಕಿದ್ದೇನೆಯೇ ನೋಡಿ, ಮತ್ತೆ ಓಡುತ್ತಿದ್ದಳು. ಹೀಗೆ ಶುರುವಾದದ್ದು. ಯಾರೋ ಟಿವಿ ನೋಡಿ ಕಲಿತ ಶೋಕಿಯಲ್ಲ ಇದು.

ನಮ್ಮ ಹೊಳೆಯ ಬದಿಯಲ್ಲಿ ಇಂಥ ದಾರಿಗಳಿವೆ ಎಂಬುದು ಇಷ್ಟು ವರ್ಷ ಇಲ್ಲೇ ಇದ್ದ ನನಗೇ ತಿಳಿದಿರಲಿಲ್ಲ ಕಣಕ್ಕ. ನಾನು ಕಾಲುವೆಯಲ್ಲಿ ನೀರಿನ ಮಟ್ಟ ನೋಡಿದವನು, ತೂಬು ನೋಡಿದವನು, ತಲೆಯೆತ್ತಿ ಆಚೆ ನೋಡಿದವನಲ್ಲ. ಕಟ್ಟೇಪುರದ ಕಡೆಯ ಏರಿ ಅವಳಿಗೆ ಸೋಮಾರಿ ದಾರಿ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಗದ್ದೆ, ಕಾಲಿಗೆ ಮೆತ್ತನೆ ಮಣ್ಣು. ಮೈ ಬೆಚ್ಚಗಾಗಬೇಕೆಂದರೆ ತೂಗುಸೇತುವೆ ದಾಟಿ ಹೋಗುತ್ತಾಳೆ. ಸೇತುವೆಯ ಮೇಲೆ ಓಡಬಾರದು, ತೂಗುತ್ತದೆ, ಅಲ್ಲಿ ಮಾತ್ರ ನಡೆಯುತ್ತಾಳೆ. ಕೆಳಗೆ ಕಾವೇರಿ ಬಂಡೆಗಳ ನಡುವೆ ಸೀಳಿ ಹರಿಯುತ್ತಾಳೆ. ಆಚೆ ದಡದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳು, ಬೆಳಗಿನ ಮಂಜು, ಎರಡೂ ಸೇರಿ ಯಾವುದು ಹೊಗೆ ಯಾವುದು ಮಂಜು ಗೊತ್ತಾಗುವುದಿಲ್ಲ. ಆದರೆ ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ನಮ್ಮ ಹೊಲದ ಹಿಂದಿನ ಗುಡ್ಡದ ದಾರಿ. ಏರುವಾಗ ಉಸಿರು ಹೋಗುತ್ತದೆ. ನೆತ್ತಿಗೆ ಬಂದರೆ ಹೊಳೆ ತಿರುವು ತೆಗೆದುಕೊಂಡು ರಾಮನಾಥಪುರದ ಕಡೆ ಹೋಗುವುದು ಪೂರ್ತಿ ಕಾಣುತ್ತದೆ. ಹಾಸನದ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಇಂಥ ಮೈಮರೆಸುವ ನೋಟಕ್ಕೆ ಒಂದು ಮಾತು ಹೇಳುತ್ತಿದ್ದರು, 'ಸಬ್ಲೈಮ್ ಪ್ರಾಸ್ಪೆಕ್ಟ್' ಎಂದೋ ಏನೋ, ಅರ್ಧ ಮರೆತಿದೆ. ಅಲ್ಲಿಂದ ಇಳಿದರೆ ನೇರ ಹೊಲದ ಮೂಲೆ, ಬೇವಿನ ಮರ, ಮಂಗಳಳ ಸಮಾಧಿ. ಅದೇ ಅವಳು ತಿರುಗುವ ಜಾಗ. ಬೂಟು ಬಿಚ್ಚಿ ಬದಿಗಿಟ್ಟು, ಒಂದು ಸುತ್ತು ಬಂದು, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಬೂಟು ಹಾಕಿ ಹೊರಡುತ್ತಾಳೆ. 'ಓಟದಲ್ಲಿ ಬೂಟು ಬಿಚ್ಚಿದ್ರೆ ಟೈಮ್ ಹೋಗ್ತದಲ್ಲವ್ವ' ಎಂದು ನಾನೇ ಹೇಳಿದ್ದೆ. 'ಅತ್ತೆ ಹತ್ರ ಎಂಥ ಟೈಮ್ ಮಾವ' ಎಂದಳು.

ನೀನು ಮಂಗಳಳ ಎಡೆಗೆಂದು ಹಿಂದಿನ ದಿನವೇ ಬಂದೆಯಲ್ಲ, ಆಗ ನಮ್ಮ ಪಕ್ಕದ ಹೊಲದ ಪುಟ್ಟಸ್ವಾಮಿ ಮೆಚ್ಚಿಕೊಂಡೇ ಒಂದು ಮಾತು ಆಡಿದ. 'ನಿಮ್ಮ ಸೊಸೆವ್ವ ದಿನಾ ವೊತ್ತಾರೆ ಅಮ್ಮಾವ್ರ ಸಮಾಧಿ ಸುತ್ತಾಕ್ತಾರೆ ಕಣಕ್ಕಾವ್ರೆ, ಮಳೆ ಬಂದ್ರೂ ಬುಡಾಕಿಲ್ಲ.' ಅಷ್ಟೇ. ಅದಕ್ಕೆ ನೀನು ಏನು ಮಾಡಿದೆ? ಮದುವೆಯಾಗಿ ನಾಲ್ಕು ವರ್ಷ, ಮಡಿಲು ತುಂಬಿಲ್ಲ, ಆದ್ದರಿಂದ ಅತ್ತೆಯ ಸಮಾಧಿಗೆ ಹರಕೆ ಹೊತ್ತಿದ್ದಾಳೆ ಎಂದು ನೀನೇ ಕಟ್ಟಿಕೊಂಡೆ. ಯಾರನ್ನೂ ಕೇಳಲಿಲ್ಲ. ಹಿರೀಸಾವೆಗೆ ಫೋನ್ ಮಾಡಿ ಭಾವನವರಿಗೆ ಹೇಳಿದೆ, ಅವರು ಹೋಟೆಲಿಗೆ ಬಂದವರಿಗೆಲ್ಲ ಹೇಳಿದರು. ಪ್ರೇಕ್ಷಾಳ ತಲೆಗೆ ನೀನೇ ಹೂ ಮುಡಿಸಿದೆ. 'ಎಂಥ ಸೊಸೆ ಸಿಕ್ಕವ್ಳೆ ಕಣ್ಲಾ ಈಶಾ, ನಮ್ಮ ಮನೆ ಪುಣ್ಯ' ಎಂದೆ. ಆ ಹುಡುಗಿ ಯಾಕೆಂದು ತಿಳಿಯದೆ ನಗುತ್ತಾ ನಿಂತಿದ್ದಳು. ನನಗೂ ತಿಳಿಯಲಿಲ್ಲ, ಅಕ್ಕನಿಗೆ ಸೊಸೆ ಒಗ್ಗಿದಳಲ್ಲ ಎಂದು ಸಂತೋಷವೇ ಪಟ್ಟೆ.

ಮಾರನೆಯ ದಿನ ನೆಂಟರೆಲ್ಲ ಸೇರಿದ್ದಾಗ, ಎಡೆ ಇಟ್ಟು ಧೂಪ ಹಾಕಿದ್ದಾಗ, ಎಲ್ಲರ ಎದುರಿಗೆ ಕೇಳಿದೆ, 'ಯಾವತ್ತಿಗೆ ಮುಗೀತದವ್ವ ನಿನ್ನ ಹರಕೆ?' ಅವಳಿಗೆ ಸುಳ್ಳು ಬರುವುದಿಲ್ಲ. 'ಹರಕೆ ಅಲ್ಲ ಅತ್ತೆಮ್ಮ. ರಾಜ್ಯೋತ್ಸವಕ್ಕೆ ಹಾಸನದಲ್ಲಿ ಹೆಂಗಸರ ಓಟ ಇದೆ, ಅದಕ್ಕೆ ಅಭ್ಯಾಸ ಮಾಡ್ತಿದೀನಿ' ಎಂದಳು. ಯಾರೋ ಕಿಸಕ್ಕನೆ ನಕ್ಕರು. ಅವರು ನಕ್ಕದ್ದು ನಿನ್ನ ಕಟ್ಟುಕಥೆಗೆ, ಅವಳಿಗಲ್ಲ. ಆದರೆ ನೀನು ಆ ಅವಮಾನವನ್ನು ಅವಳ ತಲೆಗೆ ಕಟ್ಟಿದೆ. 'ಹೆತ್ತು ಹೊರೋ ವಯಸ್ನಲ್ಲಿ ಗಂಡಸ್ರಂಗೆ ಪ್ಯಾಂಟು ಏರಿಸ್ಕಂಡು ಓಡಾಡ್ತೀಯಾ, ಅದೂ ಸತ್ತ ಅತ್ತೆ ತಲೆದಸೀಲಿ ಆಟ ಆಡ್ತೀಯಾ' ಎಂದೆ. ಎಳೆದುಕೊಂಡು ಹೋಗಿ, ಮಂಗಳಳ ಫೋಟೋದ ಮುಂದೆ, ಎಡೆಯ ಎಲೆ ಮುಟ್ಟಿಸಿ, 'ಇನ್ನು ಓಡಲ್ಲ' ಎಂದು ಮಾತು ತೆಗೆದುಕೊಂಡೆ. ನಾನು ಬೇಡ ಅಕ್ಕಾ ಎಂದೆ. ಶಶಿಕಿರಣ ಕಂಬದ ಹಾಗೆ ನಿಂತಿದ್ದ. ಅವನು ಹಗಲೆಲ್ಲ ಕಂಬಗಳ ಜೊತೆಯೇ ಇರುವವನು, ಅವನನ್ನು ಬಿಡು.

ಈಗ ನಾನು ಕೇಳುತ್ತೇನೆ, ಉತ್ತರ ಹೇಳು. ಮಗುವಿಗಾಗಿ ಓಡುತ್ತಿದ್ದಾಳೆ ಎಂದುಕೊಂಡಾಗ ಆ ಪ್ಯಾಂಟು ಪ್ಯಾಂಟಾಗಿರಲಿಲ್ಲವೆ? ಆ ಬೆವರು ಬೆವರಾಗಿರಲಿಲ್ಲವೆ? ಆ ದಾರಿ ಬೇರೆ ದಾರಿಯೆ? ಹಿಂದಿನ ದಿನ ಪುಣ್ಯವಾಗಿದ್ದ ಓಟವೇ ತನ್ನ ಕಾಲಿಗಾಗಿ, ತನ್ನ ಉಸಿರಿಗಾಗಿ ಎಂದಾಗ ಪಾಪವಾಯಿತು. ಇದಕ್ಕೆ ಇಂಗ್ಲಿಷಿನಲ್ಲಿ ಡಬಲ್ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಈ ಮಾತು ನನಗೆ ಚೆನ್ನಾಗಿಯೇ ನೆನಪಿದೆ. ಅವಳು ಹೆರುತ್ತಾಳೋ ಇಲ್ಲವೋ ಅದು ಅವಳದೂ ನನ್ನ ಮಗನದೂ. ನೆಂಟರ ಮುಂದೆ ಎಲೆಯ ಮೇಲೆ ಬಡಿಸುವ ವಿಷಯವಲ್ಲ.

ಇಷ್ಟಕ್ಕೂ ನೀನು ನಿಲ್ಲಿಸಲಿಲ್ಲ. ಊರಿಗೆ ಹೊರಡುವ ಮುಂಚೆ ಆಳು ಲಕ್ಕಯ್ಯನನ್ನು ಕರೆದು ಗುಡ್ಡದಿಂದ ಸಮಾಧಿಗೆ ಇಳಿಯುವ ದಾರಿಗೂ, ಕಾಲುವೆ ಕಡೆಯ ದಾರಿಗೂ ಜಾಲಿ ಮುಳ್ಳು ಎಳೆಸಿದೆ. ನನಗೆ ತಿಳಿದದ್ದು ಮಾರನೆಯ ಬೆಳಿಗ್ಗೆ ಹೂ ಹಿಡಿದು ಹೋದಾಗ. ಮಂಜಿನಲ್ಲಿ ಕಾಣಲಿಲ್ಲ. ಪಂಚೆ ಹರಿಯಿತು, ಅಂಗೈ ಸೀಳಿತು. ಮುಳ್ಳಿನ ಈಚೆ ನಾನು, ಆಚೆ ಮಂಗಳ. ಅಕ್ಕಾ, ನನ್ನ ಹೆಂಡತಿಗೆ ಬೇಲಿ ಹಾಕಿಸಲು ನೀನು ಯಾರು? ಲಕ್ಕಯ್ಯನನ್ನು ಬೈದರೆ 'ನಾನೇನ್ ಮಾಡ್ಲಿ ಸಾ, ಅಕ್ಕಾವ್ರು ಏಳುದ್ರು, ಆಕ್ದೆ' ಎಂದ. ಅವನದೇನು ತಪ್ಪು, ಈ ಮನೆಯಲ್ಲಿ ನಿನ್ನ ಮಾತಿಗೆ ಎದುರು ಮಾತಿಲ್ಲ, ಅಮ್ಮ ಹೋದ ಮೇಲೆ ನನಗೆ ಅನ್ನ ಕಲಸಿ ಹಾಕಿದವಳು ನೀನು, ಅದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಆ ಮುಳ್ಳನ್ನು ನಾನೇ ಕಿತ್ತು ಸುಟ್ಟೆ. ಬೂದಿ ಬದುವಿನ ಮೇಲೆ ಹಾಗೇ ಇದೆ, ಬೇಕಾದರೆ ಬಂದು ನೋಡು.

ಬೇಲಿ ಕಿತ್ತರೂ ಪ್ರೇಕ್ಷಾ ಓಡಲಿಲ್ಲ. ಅದೇ ನನ್ನ ಹೊಟ್ಟೆಯುರಿ. ನಾನು ಹೇಳಿದೆ, ಗಂಡ ಬಾಯಿಬಿಟ್ಟು ಹೇಳಿದ, ಕೇಳಲಿಲ್ಲ. 'ಎಡೆ ಮುಟ್ಟಿ ಕೊಟ್ಟ ಮಾತು ಮಾವ. ತಗೊಂಡೋರೇ ಬಂದು ಬಿಡಿಸಿದ್ರೆ ಸರಿ, ಇಲ್ಲದಿದ್ರೆ ಅತ್ತೆ ಮುಖ ಹೆಂಗೆ ನೋಡ್ಲಿ' ಎನ್ನುತ್ತಾಳೆ. ಬೂಟು ತೊಳೆದು ಅಟ್ಟಕ್ಕೆ ಹಾಕಿದ್ದಾಳೆ. ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಗಿ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತಿರುತ್ತಾಳೆ, ಒಲೆ ಕೂಡ ಹಚ್ಚುವುದಿಲ್ಲ. ಮಂಗಳ ಹೋದ ಮೇಲೆ ನಾನು ಜಗುಲಿಯ ಮೇಲೆ ಕುಳಿತಿರುತ್ತಿದ್ದೆನಲ್ಲ, ಹಾಗೆ. ನನ್ನನ್ನು ಅಲ್ಲಿಂದ ಎಬ್ಬಿಸಿದವಳನ್ನು ನೀನು ಕೂರಿಸಿದೆ. ಇದನ್ನು ನಾನು ಕ್ಷಮಿಸುವುದಿಲ್ಲ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಅದಕ್ಕೂ ಕೋಪವೇ.

ಆದ್ದರಿಂದ ನೀನು ಬಾ. ರಾಜ್ಯೋತ್ಸವಕ್ಕೆ ಇನ್ನೂ ದಿನವಿದೆ, ಆದರೆ ಕಾಲು ಹಿಡಿತಕ್ಕೆ ಬರಬೇಕಾದರೆ ಅವಳು ಈಗಲೇ ಶುರುಮಾಡಬೇಕು. ಬೆಳಗಿನ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಬಂದರೆ ಮಧ್ಯಾಹ್ನಕ್ಕೆ ಇಲ್ಲಿರುತ್ತೀಯ. ಅದೇ ಫೋಟೋದ ಮುಂದೆ ನಿಂತು 'ಓಡು' ಎಂದು ಒಂದು ಮಾತು ಹೇಳು. ನಿನಗೆ ಕ್ಷಮೆ ಕೇಳುವುದು ಬರುವುದಿಲ್ಲ, ಅದು ಬೇಡ. ಒಂದೇ ಮಾತು ಸಾಕು. ಬರಲು ಮನಸ್ಸಿಲ್ಲದಿದ್ದರೆ ಮುಂದಿನ ವರ್ಷದ ಎಡೆಗೂ ಬರಬೇಡ.

ಭಾವನವರಿಗೆ ನನ್ನ ನಮಸ್ಕಾರ. ಅವರ ಮೇಲೆ ಸಿಟ್ಟಿಲ್ಲ, ಹೋಟೆಲಿಗೆ ಬಂದವರಿಗೆ ಈಗ ನಿಜ ಸಂಗತಿಯನ್ನೂ ಹೇಳಲಿ. ಮೊಣಕಾಲಿಗೆ ಚಳಿ ತಾಗದಂತೆ ನೋಡಿಕೋ. ಬರುವಾಗ ಎಣ್ಣೆ ಸೀಸೆ ತಾ, ತುಂಬಿಸಿ ಕೊಡುತ್ತೇನೆ. ಶಿವನು ನಿನಗೆ ಆರೋಗ್ಯವನ್ನೂ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ಇಂತಿ ನಿನ್ನ ಸಿಟ್ಟಿನ ತಮ್ಮ,
ಈಶ್ವರಯ್ಯ

ತಾ.ಕ.: ಟಪಾಲಿನವನು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮುಳ್ಳು ಸುಟ್ಟ ದಿನದಿಂದ ಅವಳ ಬದಲು ನಾನು ಓಡುತ್ತಿದ್ದೇನೆ. ಪಂಚೆ ಎತ್ತಿಕಟ್ಟಿ, ಕಾಲುವೆ ಏರಿಯ ಮೇಲೆ, ಇವತ್ತು ಗುಡ್ಡದ ದಾರಿಯಲ್ಲೂ. ಊರು ನಗುತ್ತಿದೆ, ನಗಲಿ. ನನ್ನ ಎದೆಗೆ ನಡಿಗೆ ಸಾಕು, ಓಟ ಕೂಡದು ಎಂದು ಡಾಕ್ಟರು ಹೇಳಿದ್ದು ನಿನಗೂ ಗೊತ್ತು, ಅವಳಿಗೂ ಗೊತ್ತು. ಅಡುಗೆಮನೆಯಿಂದ ಎದ್ದು 'ಮಾವಾ, ನಿಂತ್ಕಳಿ ಮಾವಾ' ಎಂದು ಅಳುತ್ತಾ ಹಿಂದೆ ಹಿಂದೆ ಬರುತ್ತಾಳೆ. ನಾಲ್ಕು ಹೆಜ್ಜೆ ಓಡಿದರೆ ನನ್ನನ್ನು ಹಿಡಿದುಬಿಡುತ್ತಾಳೆ. ನಿನಗೆ ಮಾತು ಕೊಟ್ಟಿದ್ದಾಳಲ್ಲ, ನಡೆದೇ ಬರುತ್ತಾಳೆ.